ರಸಾಯನ ಕ್ರಿಯೆಗಳನ್ನು ಬಿಡಿಸಿ ಬರೆಯುವ ಬಗೆ

ಕನ್ನಡ ವ್ಯಾಕರಣದ ಪ್ರಶ್ನಪತ್ರಿಕೆಯಲ್ಲಿ ‘ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿರಿ’ ಎಂಬ ಪ್ರಶ್ನೆಯನ್ನು ಕಾಣದವರಿಲ್ಲ. ‘ಊರು’ ಮತ್ತು ‘ಅಲ್ಲಿ’ ಸೇರಿ ‘ಊರಲ್ಲಿ’ ಆಯಿತೆಂದರೆ ಅರ್ಧ ಉತ್ತರ; ಪೂರ್ವಪದದ ಕೊನೆಯ ಉಕಾರವು ಲೋಪವಾಯಿತೆಂದು ತೋರಿಸಿದರೆ ಪೂರ್ಣ ಉತ್ತರ. ಸಾವಯವ ರಸಾಯನಶಾಸ್ತ್ರದಲ್ಲಿಯೂ ಇಂಥದೇ ಒಂದು ಪ್ರಶ್ನೆಯುಂಟು. ಯಾವ ವಸ್ತುಗಳು ಸೇರಿ ಯಾವ ವಸ್ತುಗಳಾದುವೆಂದು ತಿಳಿಸುವುದು ಸಮೀಕರಣ. ಯಾವ ಬಂಧ ಮುರಿಯಿತು, ಯಾವುದು ಕೂಡಿತು, ಯಾವ ಕ್ರಮದಲ್ಲಿ ಇದೆಲ್ಲ ನಡೆಯಿತೆಂದು ಬಿಡಿಸಿ ಬರೆಯುವುದು ಕ್ರಿಯಾವಿಧಿ. ಇದನ್ನೇ ತರಗತಿಗಳಲ್ಲಿ ಮೆಕ್ಯಾನಿಸಂ ಎನ್ನುತ್ತಾರೆ.

ಕಲಾವಿಭಾಗದ ವಿದ್ಯಾರ್ಥಿಗೆ ಈ ಗೊಡವೆಯೇಕೆ ಎಂದು ಮಿತ್ರರು ಕೇಳಬಹುದು. ಪಿ.ಯು.ಸಿ.ಯಲ್ಲಿ ನಾನೂ ವಿಜ್ಞಾನವನ್ನೇ ಓದಿದವನು. ಕ್ರಿಯಾವಿಧಿಯ ಬಾಣಗಳನ್ನು ಬರಿಯ ಚಿತ್ರವೆಂದೆಣಿಸಿ ಬಾಯಿಪಾಠ ಮಾಡಿದೆ, ಪರೀಕ್ಷೆಯಲ್ಲಿ ಮರೆತೆ, ಕಡೆಗೆ ಆ ದಾರಿಯನ್ನೇ ಬಿಟ್ಟೆ. ಈಗ ನನ್ನ ತಂಗಿ ಅದೇ ಪಾಠವನ್ನು ಹಿಡಿದು ಕುಳಿತಿದ್ದಾಳೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ನಾನಲ್ಲದೆ ಮತ್ತೊಬ್ಬರಿಲ್ಲ. ಅವಳಿಗೆ ಹೇಳಿಕೊಡಹೋಗಿ ನಾನು ಕಲಿತುದನ್ನು ಇಲ್ಲಿ ನಿವೇದಿಸುತ್ತೇನೆ.

ಕನ್ನಡ ಸಂಧಿಗಳು ಮೂರು: ಲೋಪ, ಆಗಮ, ಆದೇಶ. ಸಾವಯವ ಕ್ರಿಯೆಗಳಲ್ಲಿಯೂ ಮುಖ್ಯವಾದ ಮೂರು ಬಗೆಗಳು ಇವಕ್ಕೆ ಸರಿಹೊಂದುವಂತಿವೆ. ಈಥೈಲ್ ಆಲ್ಕೋಹಾಲಿನಿಂದ ನೀರು ಹೊರಟುಹೋಗಿ ಎಥಿಲೀನ್ ಆಗುವುದು ಲೋಪದಂತೆ. ಎಥಿಲೀನಿಗೆ ಬ್ರೋಮಿನ್ ಬಂದು ಸೇರುವುದು ಆಗಮದಂತೆ. ಮೀಥೈಲ್ ಬ್ರೋಮೈಡಿನಲ್ಲಿ ಬ್ರೋಮಿನ್ ಹೋಗಿ ಅದರ ಸ್ಥಾನಕ್ಕೆ ಹೈಡ್ರಾಕ್ಸಿಲ್ ಬರುವುದು, ‘ಮಳೆಗಾಲ’ದಲ್ಲಿ ಕಕಾರದ ಸ್ಥಾನಕ್ಕೆ ಗಕಾರ ಬಂದಂತೆ, ಆದೇಶ. ಆದರೆ ಒಂದು ಭೇದವಿದೆ. ವ್ಯಾಕರಣದಲ್ಲಿ ಲೋಪವಾದ ಅಕ್ಷರ ಎಲ್ಲಿ ಹೋಯಿತೆಂದು ಯಾರೂ ಕೇಳುವುದಿಲ್ಲ. ರಸಾಯನಶಾಸ್ತ್ರದಲ್ಲಿ ಹೋದ ಪ್ರತಿಯೊಂದು ಪರಮಾಣುವಿಗೂ ಪ್ರತಿಯೊಂದು ಎಲೆಕ್ಟ್ರಾನಿಗೂ ಲೆಕ್ಕ ಒಪ್ಪಿಸಬೇಕು.

ಈ ಲೆಕ್ಕವನ್ನು ಬರೆಯುವ ಗುರುತೇ ಬಾಗಿದ ಬಾಣ. ಎರಡು ಪರಮಾಣುಗಳ ನಡುವಣ ಬಂಧವೆಂದರೆ ಅವು ಹಂಚಿಕೊಂಡ ಒಂದು ಜೊತೆ ಎಲೆಕ್ಟ್ರಾನುಗಳೆಂದು ೧೯೧೬ರಲ್ಲಿ ಅಮೆರಿಕದ ಜಿ. ಎನ್. ಲೂಯಿಸ್ ಪ್ರತಿಪಾದಿಸಿದನು. ಅಂಥ ಎಲೆಕ್ಟ್ರಾನುಗಳ ಚಲನೆಯನ್ನು ಬಾಗಿದ ಬಾಣದಿಂದ ತೋರಿಸುವ ಪದ್ಧತಿಯು ೧೯೨೨ರಲ್ಲಿ ಬ್ರಿಟನ್ನಿನ ಕರ್ಮ್ಯಾಕ್ ಮತ್ತು ರಾಬರ್ಟ್ ರಾಬಿನ್ಸನ್ ಎಂಬ ವಿಜ್ಞಾನಿಗಳ ಲೇಖನದಿಂದ ಬಂದಿತು. ಬಾಣವು ತೋರಿಸುವುದು ಒಂದು ಜೊತೆ ಎಲೆಕ್ಟ್ರಾನುಗಳ ನಡೆಯನ್ನೇ ಹೊರತು ಪರಮಾಣುವಿನ ನಡೆಯನ್ನಲ್ಲ. ನಾನು ಹಿಂದೆ ಹೈಡ್ರೋಜನ್ ಅಯಾನಿನಿಂದ ಆಮ್ಲಜನಕದ ಕಡೆಗೆ ಬಾಣ ಎಳೆಯುತ್ತಿದ್ದೆ. ಹೈಡ್ರೋಜನ್ ತಾನೆ ಹೋಗಿ ಸೇರುವುದು ಎಂದು ನನ್ನ ಎಣಿಕೆ. ಆ ಅಯಾನಿನಲ್ಲಿ ಎಲೆಕ್ಟ್ರಾನೇ ಇಲ್ಲ. ಬರಿಗೈಯವನು ಕೊಡುವುದೇನನ್ನು? ಬಾಣವು ಯಾವಾಗಲೂ ಕೊಡುವ ಕೈಯಿಂದ ಹೊರಟು ಬೇಡುವ ಕೈಯನ್ನು ಸೇರಬೇಕು.

ಈಥೈಲ್ ಅಸಿಟೇಟ್ ಎಂಬ ಎಸ್ಟರನ್ನು ಕಾಸ್ಟಿಕ್ ಸೋಡದೊಡನೆ ಕಾಯಿಸುವುದನ್ನು ನೋಡೋಣ. ಎಣ್ಣೆಯಿಂದ ಸಾಬೂನು ಆಗುವುದೂ ಇದೇ ಬಗೆಯ ಕ್ರಿಯೆ. ಎಸ್ಟರಿನಲ್ಲಿ ಒಂದು ಇಂಗಾಲವು ಒಂದು ಆಮ್ಲಜನಕದೊಡನೆ ಜೋಡಿಬಂಧದಿಂದ ಕೂಡಿದೆ. ಆಮ್ಲಜನಕವು ಎಲೆಕ್ಟ್ರಾನುಗಳನ್ನು ತನ್ನ ಕಡೆಗೆ ಸೆಳೆಯುವುದರಿಂದ ಈ ಇಂಗಾಲಕ್ಕೆ ಕೊರತೆ. ಹೈಡ್ರಾಕ್ಸೈಡ್ ಅಯಾನಿನಲ್ಲಿ ಸಮೃದ್ಧಿ. ಆದುದರಿಂದ ಮೊದಲ ಬಾಣ ಹೈಡ್ರಾಕ್ಸೈಡಿನಿಂದ ಆ ಇಂಗಾಲಕ್ಕೆ. ಇಂಗಾಲಕ್ಕೆ ನಾಲ್ಕು ಬಂಧಗಳೇ ಮಿತಿ. ಐದನೆಯದು ಬಂದರೆ ಒಂದು ಬಿಡಬೇಕು. ಹೀಗಾಗಿ ಎರಡನೆಯ ಬಾಣ ಜೋಡಿಬಂಧದಿಂದ ಅದರ ಆಮ್ಲಜನಕಕ್ಕೆ. ಋಣಚಿಹ್ನೆಯೂ ಅಲ್ಲಿಗೇ ಹೋಗುತ್ತದೆ. ಮುಂದಿನ ಹೆಜ್ಜೆಯಲ್ಲಿ ಆ ಜೊತೆ ಹಿಂದಿರುಗಿ ಜೋಡಿಬಂಧವಾಗುತ್ತದೆ; ಈಥಾಕ್ಸೈಡ್ ತನ್ನ ಬಂಧದ ಎಲೆಕ್ಟ್ರಾನುಗಳೊಡನೆ ಬೇರ್ಪಡುತ್ತದೆ. ಕೊನೆಗೆ ಅದು ಅಸಿಟಿಕ್ ಆಮ್ಲದಿಂದ ಒಂದು ಪ್ರೋಟಾನನ್ನು ಪಡೆದು ಈಥೈಲ್ ಆಲ್ಕೋಹಾಲಾಗುತ್ತದೆ, ಉಳಿದುದು ಅಸಿಟೇಟ್. ಪ್ರತಿ ಹೆಜ್ಜೆಯಲ್ಲೂ ಒಟ್ಟು ವಿದ್ಯುದಂಶ ಋಣ ಒಂದೇ. ಎಲ್ಲಿಯಾದರೂ ಬೇರೆ ಬಂದರೆ ಹಿಂದೆ ಒಂದು ಬಾಣ ತಪ್ಪಿದೆಯೆಂದು ತಿಳಿಯಬೇಕು.

ಇಷ್ಟು ಹೇಳಿ ಮುಗಿಸಿದಾಗ ತಂಗಿ, “ಅಣ್ಣಾ, ಇದನ್ನೆಲ್ಲ ಯಾರು ಕಂಡರು?” ಎಂದಳು. ಪ್ರಶ್ನೆ ಯೋಗ್ಯವಾದುದೇ. ಎಸ್ಟರಿನ ನಡುವಣ ಆಮ್ಲಜನಕಕ್ಕೆ ಎರಡು ಪಕ್ಕಗಳಲ್ಲಿಯೂ ಬಂಧವಿದೆ. ಯಾವ ಪಕ್ಕದಲ್ಲಿ ಮುರಿದರೂ ಕೊನೆಗೆ ಸಿಕ್ಕುವ ವಸ್ತುಗಳು ಅವೇ. ಸಮೀಕರಣ ಇಲ್ಲಿ ಮೂಕ. ೧೯೩೪ರಲ್ಲಿ ಪೊಲಾನಿ ಮತ್ತು ಸಾಬೊ ಎಂಬವರು ಅಮೈಲ್ ಅಸಿಟೇಟ್ ಎಂಬ ಇನ್ನೊಂದು ಎಸ್ಟರನ್ನು, ೧೮ ದ್ರವ್ಯಾಂಕದ ಭಾರ ಆಮ್ಲಜನಕ ಹೆಚ್ಚಾಗಿದ್ದ ನೀರಿನಲ್ಲಿ ಕ್ಷಾರದಿಂದ ಒಡೆದರು. ಬಂದ ಆಲ್ಕೋಹಾಲಿನಲ್ಲಿ ಭಾರ ಆಮ್ಲಜನಕದ ಹೆಚ್ಚಳ ಕಾಣಲಿಲ್ಲ. ಎಂದರೆ ಆಲ್ಕೋಹಾಲು ತನ್ನ ಹಳೆಯ ಆಮ್ಲಜನಕವನ್ನೇ ಉಳಿಸಿಕೊಂಡಿತ್ತು. ಮುರಿದುದು ಆಮ್ಲದ ಪಕ್ಕದ ಬಂಧ. ನಮ್ಮ ಬಾಣಗಳು ಹೇಳುವುದೂ ಅದನ್ನೇ.

ವೇಗವೂ ಒಂದು ಸಾಕ್ಷಿ. ಮೀಥೈಲ್ ಬ್ರೋಮೈಡ್ ಹೈಡ್ರಾಕ್ಸೈಡಿನೊಡನೆ ವರ್ತಿಸುವ ವೇಗ ಎರಡರ ಸಾಂದ್ರತೆಯನ್ನೂ ಅವಲಂಬಿಸಿದೆ. ಬರುವುದೂ ಹೋಗುವುದೂ ಒಂದೇ ಹೆಜ್ಜೆಯಲ್ಲಿ. ಟರ್ಷಿಯರಿ ಬ್ಯುಟೈಲ್ ಬ್ರೋಮೈಡ್ ಆಲ್ಕೋಹಾಲಾಗುವ ವೇಗವಾದರೋ ಅದರ ಸಾಂದ್ರತೆಯನ್ನು ಮಾತ್ರ ಅವಲಂಬಿಸಿದೆ. ಅಲ್ಲಿ ಬ್ರೋಮೈಡ್ ಮೊದಲು ಹೊರಟ ಮೇಲೆ ಹೊಸಬನ ಪ್ರವೇಶ. ಇವನ್ನು ೧೯೩೦ರ ದಶಕದಲ್ಲಿ ಹ್ಯೂಸ್ ಮತ್ತು ಇಂಗೋಲ್ಡ್ ವಿಂಗಡಿಸಿದರು. ಎರಡೂ ಆದೇಶವೇ, ದಾರಿ ಮಾತ್ರ ಬೇರೆ. ಆದಕಾರಣ ಲೆಕ್ಕ ಸರಿಬಂದ ಮಾತ್ರಕ್ಕೆ ಕ್ರಿಯಾವಿಧಿ ನಿಜವಾಗದು. ಪ್ರಯೋಗವೂ ಅದನ್ನು ಒಪ್ಪಬೇಕು. ಮುಂದೆ ಒಂದು ಪ್ರಯೋಗ ಒಪ್ಪದಿದ್ದರೆ ನಾವು ತಿದ್ದಿಕೊಳ್ಳಬೇಕು.

ಕಲಿಯುವವರಿಗೆ ನನ್ನ ಸೂಚನೆ ಇಷ್ಟೆ: ಪುಸ್ತಕವನ್ನು ಮುಚ್ಚಿ ಸಮೀಕರಣವನ್ನು ಮಾತ್ರ ಎದುರಿಗಿಟ್ಟುಕೊಳ್ಳಿರಿ. ಕೊಡುವವರು ಯಾರು, ಬೇಡುವವರು ಯಾರು, ಬಿಟ್ಟುಹೋಗಬಲ್ಲವರು ಯಾರು ಎಂದು ಕೇಳಿಕೊಂಡು ಬರೆಯಿರಿ. ಮೊನ್ನೆ ತಂಗಿ ಹೀಗೆಯೇ ಬರೆದಳು. ಎರಡನೆಯ ಹೆಜ್ಜೆಯಲ್ಲಿ ಋಣಚಿಹ್ನೆ ಬಿಟ್ಟುಹೋಗಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವಳು ಲೆಕ್ಕ ನೋಡಿ, ತಪ್ಪನ್ನು ತಾನೇ ಕಂಡು ತಿದ್ದಿಕೊಂಡಳು. ಎರಡು ವರ್ಷ ಬಾಯಿಪಾಠ ಮಾಡಿದ ನನಗೆ ಒಮ್ಮೆಯೂ ಅದು ಸಾಧ್ಯವಾಗಿರಲಿಲ್ಲ.