ಜಾಲತಾಣದ ಮೂಲಪ್ರತಿ

ಪ್ರಾಚೀನ ಕಾವ್ಯವೊಂದನ್ನು ಸಂಪಾದಿಸಲು ಹೊರಟ ವಿದ್ವಾಂಸನು ಮೊಟ್ಟಮೊದಲು ಕೇಳಿಕೊಳ್ಳುವ ಪ್ರಶ್ನೆ, ಮೂಲ ಯಾವುದು ಎಂಬುದು. ಕೈಗೆ ದೊರೆತ ಓಲೆಗರಿಯ ಕಟ್ಟು ಕವಿಯ ಸ್ವಹಸ್ತದ್ದಲ್ಲ. ಅದು ಪ್ರತಿಯ ಪ್ರತಿ, ಹಲವು ಲಿಪಿಕಾರರ ಕೈ ದಾಟಿ ಬಂದದ್ದು. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ವಿದ್ವತ್ ಪರೀಕ್ಷೆಗಾಗಿ ಓದಿದ ನಮ್ಮಂಥವರಿಗೆ ಇದು ಮೊದಲ ಪಾಠ. ಇದೇ ಪ್ರಶ್ನೆಯನ್ನು ಗಣಕಯಂತ್ರದ ಮುಂದೆ ಕುಳಿತು ಕೇಳಬೇಕಾದೀತೆಂದು ಮಾತ್ರ ನಾನು ಎಣಿಸಿರಲಿಲ್ಲ. ಈಗ ಮೇಲಿನ ತರಗತಿಗಳ ವಿದ್ಯಾರ್ಥಿಗಳು ತಾವೇ ಜಾಲತಾಣಗಳನ್ನು ರಚಿಸುವಷ್ಟು ಪ್ರಗತಿ ಹೊಂದಿರುವುದರಿಂದ ಈ ವಿಷಯವನ್ನು ಕುರಿತು ನಾಲ್ಕು ಮಾತು ಬರೆಯುತ್ತಿದ್ದೇನೆ. ಕನ್ನಡ ಪಂಡಿತನಿಗೆ ಇದೇಕೆ ಎಂದು ಯಾರಾದರೂ ಕೇಳಿದರೆ, ಪೆಟ್ಟು ತಿಂದವನಿಗೆ ಹೇಳುವ ಅಧಿಕಾರವುಂಟು ಎಂದಷ್ಟೇ ನನ್ನ ಉತ್ತರ.

ನಾವು ಬ್ರೌಸರಿನಲ್ಲಿ ಕಾಣುವ ಜಾಲತಾಣವು ಮುದ್ರಿತ ಪುಸ್ತಕಕ್ಕೆ ಸಮಾನವಾದುದು. ಆ ಪುಸ್ತಕದ ಹಸ್ತಪ್ರತಿ, ಜೋಡಿಸಿದ ಮೊಳೆಗಳು, ಚಿತ್ರಗಳ ಬ್ಲಾಕುಗಳು ಹೇಗೆ ಮುದ್ರಣಾಲಯದಲ್ಲಿ ಉಳಿಯುತ್ತಿದ್ದವೋ ಹಾಗೆಯೇ ಜಾಲತಾಣದ ಮೂಲಸಾಮಗ್ರಿಯು ಅದನ್ನು ರಚಿಸಿದವನ ಗಣಕದಲ್ಲಿ ಉಳಿಯುತ್ತದೆ. ಈ ಮೂಲಸಾಮಗ್ರಿಗೆ ಯೋಜನಾ ಕಡತ, ಬಳಕೆಯ ಮಾತಿನಲ್ಲಿ ಪ್ರಾಜೆಕ್ಟ್ ಫೈಲ್, ಎಂದು ಹೆಸರು. ಸರ್ವರಿಗೆ ಏರಿಸಿದ್ದು ಪ್ರತಿ. ಯೋಜನಾ ಕಡತ ಮೂಲ. ಈ ಭೇದವನ್ನು ಗ್ರಹಿಸದವರು ‘ಜಾಲದಲ್ಲಿ ಇದೆಯಲ್ಲ, ಇನ್ನೇನು ಭಯ’ ಎಂದು ನಿಶ್ಚಿಂತರಾಗಿರುತ್ತಾರೆ. ನಾನೂ ಹಾಗೆಯೇ ಇದ್ದೆ.

ಜಾಲತಾಣ ರಚನೆಯ ತಂತ್ರಾಂಶಗಳು ಈ ವಿಚಾರದಲ್ಲಿ ಎರಡು ಜಾತಿಯವು. ಮೊದಲನೆಯವು ಸಮಸ್ತವನ್ನೂ ಒಂದೇ ಕಡತದಲ್ಲಿ ತುಂಬಿಡತಕ್ಕವು. ಆಪಲ್ ಸಂಸ್ಥೆಯು 2006ರ ಜನವರಿಯಲ್ಲಿ ಹೊರತಂದ ಐವೆಬ್ ಈ ಜಾತಿಗೆ ಸೇರಿದ್ದು. ಒಬ್ಬನು ಮೂರು ತಾಣಗಳನ್ನು ರಚಿಸಿದರೂ ಅವೆಲ್ಲವೂ ‘ಡೊಮೇನ್’ ಎಂಬ ಒಂದೇ ಕಡತದಲ್ಲಿ ಅಡಗಿರುತ್ತಿದ್ದವು. ಆ ಕಡತವಾದರೋ ಸಾಮಾನ್ಯ ಬಳಕೆದಾರನು ಎಂದೂ ಕಾಲಿಡದ ಲೈಬ್ರರಿ ಎಂಬ ಫೋಲ್ಡರಿನ ಒಳಗಿನ ಒಳಗೆ ಇರುತ್ತಿತ್ತು. ಗಣಕವನ್ನು ಬದಲಿಸುವಾಗ ತನ್ನ ಪತ್ರಗಳನ್ನೂ ಚಿತ್ರಗಳನ್ನೂ ಜೋಪಾನವಾಗಿ ತೆಗೆದಿಟ್ಟುಕೊಂಡವನು ಕೂಡ ಇದನ್ನು ಮರೆಯುವ ಸಂಭವವಿತ್ತು. ಮರೆತರೆ ಗತಿಯೇನು? ಪ್ರಕಟವಾದ ಪುಟಗಳನ್ನು ಐವೆಬ್ ಮರಳಿ ಓದಲಾರದು. ತಾಣವು ಜಾಲದಲ್ಲಿ ಕಣ್ಣಿಗೆ ಕಾಣುತ್ತಿದ್ದರೂ ಅದೇ ತಂತ್ರಾಂಶದಿಂದ ಅದರ ಒಂದು ಅಕ್ಷರವನ್ನೂ ತಿದ್ದುವಂತಿರಲಿಲ್ಲ. ಮುಂದೆ ಆಪಲ್ ಐವೆಬ್ಬನ್ನು ಕೈಬಿಟ್ಟಿತು; ಅದರ ತಾಣಗಳಿಗೆ ಆಶ್ರಯವಾಗಿದ್ದ ಮೊಬೈಲ್‌ಮಿ ಎಂಬ ಸೇವೆಯು 2012ರ ಜೂನ್ 30ರಂದು ನಿಂತುಹೋಯಿತು. ಅಡೋಬಿ ಸಂಸ್ಥೆಯ ಮ್ಯೂಸ್ ಎಂಬ ತಂತ್ರಾಂಶದ ಕಥೆಯೂ ಇಂಥದೇ. ಅದರ ಅಭಿವೃದ್ಧಿಯನ್ನು ನಿಲ್ಲಿಸುವುದಾಗಿ 2018ರ ಮಾರ್ಚಿಯಲ್ಲಿ ಸಾರಿದರು. 2020ರ ಮಾರ್ಚಿಯಲ್ಲಿ ನೆರವನ್ನೂ ಹಿಂತೆಗೆದರು. ಮ್ಯೂಸ್ ಕಡತವನ್ನು ಮ್ಯೂಸ್ ಅಲ್ಲದೆ ಬೇರೊಂದು ತೆರೆಯಲಾರದು. ಆದಕಾರಣ ಒಂದೇ ಕಡತದ ಜಾತಿಯ ತಂತ್ರಾಂಶವನ್ನು ಬಳಸುವವರು ಕಡತದೊಡನೆ ಅದನ್ನು ತೆರೆಯುವ ತಂತ್ರಾಂಶವನ್ನೂ, ಅದರ ಆವೃತ್ತಿಯ ಸಂಖ್ಯೆಯನ್ನೂ ಕಾಪಾಡತಕ್ಕದ್ದು. ಲಿಪಿಯನ್ನು ಓದಬಲ್ಲವನಿಲ್ಲದ ಶಾಸನ ಎಷ್ಟು ಅಖಂಡವಾಗಿದ್ದರೇನು!

ಎರಡನೆಯ ಜಾತಿಯವು ಒಂದು ಫೋಲ್ಡರನ್ನೇ ಯೋಜನೆಯಾಗಿ ಪರಿಗಣಿಸತಕ್ಕವು. ಮ್ಯಾಕ್ರೊಮೀಡಿಯಾ ಸಂಸ್ಥೆಯಿಂದ 1997ರಲ್ಲಿ ಹೊರಬಂದು, 2005ರಲ್ಲಿ ಆ ಸಂಸ್ಥೆಯೊಡನೆ ಅಡೋಬಿಯ ವಶಕ್ಕೆ ಬಂದ ಡ್ರೀಮ್‌ವೀವರ್ ಇವುಗಳಲ್ಲಿ ಮುಖ್ಯವಾದುದು. ನನಗೆ ಹೆಚ್ಚು ಪರಿಚಯವಿರುವುದೂ ಇದೇ ಆದ್ದರಿಂದ ಇದನ್ನು ಸ್ವಲ್ಪ ವಿಸ್ತರಿಸಿ ಹೇಳುತ್ತೇನೆ.

ಡ್ರೀಮ್‌ವೀವರಿನಲ್ಲಿ ಪುಟವನ್ನು ಬರೆಯುವ ಮೊದಲು ‘ಸೈಟ್’ ಒಂದನ್ನು ನಿರೂಪಿಸಬೇಕು. ಎಂದರೆ ಈ ತಾಣದ ಮೂಲ ಫೋಲ್ಡರ್ ಇದು, ಇದನ್ನು ಏರಿಸಬೇಕಾದ ಸರ್ವರ್ ಇದು ಎಂದು ತಂತ್ರಾಂಶಕ್ಕೆ ತಿಳಿಸಬೇಕು. ಅವಸರದವರು ಇದನ್ನು ಬಿಟ್ಟು ನೇರವಾಗಿ ಪುಟವನ್ನು ತೆರೆದು ಚಿತ್ರವನ್ನು ಸೇರಿಸುತ್ತಾರೆ. ಆಗ ಚಿತ್ರದ ವಿಳಾಸವು ತಾಣದೊಳಗಿನ ವಿಳಾಸವಾಗದೆ, ಆ ಗಣಕದ ಡಿಸ್ಕಿನ ವಿಳಾಸವಾಗಿ ದಾಖಲಾಗುತ್ತದೆ. ರಚಿಸಿದವನ ಗಣಕದಲ್ಲಿ ಚಿತ್ರವು ಕಾಣುತ್ತದೆ. ಲೋಕದ ಉಳಿದವರಾರಿಗೂ ಕಾಣುವುದಿಲ್ಲ. ಇದಕ್ಕೆ ಸಮೀಪದ ಇನ್ನೊಂದು ದೋಷವು ದೊಡ್ಡಕ್ಷರ ಸಣ್ಣಕ್ಷರಗಳದು. ಕಡತದ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡ ‘ಎನ್’ ಇದ್ದು ಪುಟದಲ್ಲಿ ಸಣ್ಣ ‘ಎನ್’ ಬರೆದಿದ್ದರೆ ವಿಂಡೋಸ್ ಅದನ್ನು ಎಣಿಸುವುದಿಲ್ಲ, ಲಿನಕ್ಸ್ ಸರ್ವರ್ ಮಾತ್ರ ಎರಡನ್ನೂ ಭಿನ್ನವೆಂದೇ ತಿಳಿಯುತ್ತದೆ. ಅಲ್ಪಪ್ರಾಣ ಮಹಾಪ್ರಾಣಗಳಲ್ಲಿ ಎಚ್ಚರವಿರಲೆಂದು ತರಗತಿಯಲ್ಲಿ ನಾವು ಗಂಟಲು ಹರಿದುಕೊಳ್ಳುವುದು ಇಲ್ಲಿಯೂ ಸಲ್ಲುತ್ತದೆ. ಕಡತಗಳಿಗೆಲ್ಲ ಸಣ್ಣಕ್ಷರಗಳನ್ನೇ, ನಡುವೆ ತೆರಪು ಬಿಡದೆ, ಇಡುವುದು ಕ್ಷೇಮ.

ಸೈಟಿನ ಈ ನಿರೂಪಣೆಯು ಫೋಲ್ಡರಿನಲ್ಲಿ ಇರುವುದಿಲ್ಲ. ಅದು ತಂತ್ರಾಂಶದ ಸ್ವಂತ ದಾಖಲೆಯಲ್ಲಿ ಇರುತ್ತದೆ. ಫೋಲ್ಡರನ್ನು ಮಾತ್ರ ನಕಲು ಮಾಡಿಕೊಂಡು ಹೋದವನಿಗೆ ಹೊಸ ಗಣಕದಲ್ಲಿ ಅದು ದೊರೆಯದು. ಇದಕ್ಕಾಗಿಯೇ ನಿರೂಪಣೆಯನ್ನು ‘ಎಸ್.ಟಿ.ಇ.’ ಎಂಬ ಕಡತವಾಗಿ ಹೊರತೆಗೆಯುವ ಅನುಕೂಲವನ್ನು ಕಲ್ಪಿಸಿದ್ದಾರೆ. ಕೆಲವರು ಈ ಚಿಕ್ಕ ಕಡತವನ್ನೇ ಇಡೀ ತಾಣವೆಂದು ಭ್ರಮಿಸಿ, ಅದನ್ನೊಂದನ್ನೇ ತೆಗೆದಿಟ್ಟು, ಫೋಲ್ಡರನ್ನು ಅಳಿಸಿದ್ದುಂಟು. ಅದರಲ್ಲಿ ಇರುವುದು ವಿಳಾಸ ಮಾತ್ರ, ಮನೆಯಲ್ಲ. ಸರ್ವರಿನ ಗುಪ್ತಪದವನ್ನೂ ಅದರಲ್ಲಿ ಸೇರಿಸುವ ಅವಕಾಶವಿರುವುದರಿಂದ ಅದನ್ನು ಕಂಡಕಂಡವರಿಗೆ ಕೊಡತಕ್ಕದ್ದಲ್ಲ.

ಫೋಲ್ಡರಿನೊಳಗೆ ‘ಟೆಂಪ್ಲೇಟ್ಸ್’ ಎಂಬ ಒಳಫೋಲ್ಡರ್ ಒಂದಿರುತ್ತದೆ. ಎಲ್ಲ ಪುಟಗಳಿಗೂ ಸಮಾನವಾದ ಶಿರೋಭಾಗ, ಸೂಚಿಕೆ, ಅಡಿಬರಹಗಳ ಅಚ್ಚು ಇಲ್ಲಿರುತ್ತದೆ. ಅಚ್ಚನ್ನು ಒಮ್ಮೆ ತಿದ್ದಿದರೆ ಅದರಿಂದ ಹುಟ್ಟಿದ ಪುಟಗಳೆಲ್ಲವೂ ತಿದ್ದಿಕೊಳ್ಳುತ್ತವೆ. ಈ ಫೋಲ್ಡರನ್ನು ಸ್ಥಳಾಂತರಿಸಬಾರದು, ಹೆಸರು ಬದಲಿಸಬಾರದು. ಗಮನಿಸಬೇಕಾದ ಅಂಶವೆಂದರೆ, ತಾಣವು ಜಾಲದಲ್ಲಿ ನಡೆಯಲು ಅಚ್ಚು ಸರ್ವರಿನಲ್ಲಿ ಇರಬೇಕಾದ ಅಗತ್ಯವೇ ಇಲ್ಲ. ಆದುದರಿಂದ ಅನೇಕರು ಅದನ್ನು ಏರಿಸುವುದೂ ಇಲ್ಲ. ಗಣಕವು ಕೆಟ್ಟಾಗ ಸರ್ವರಿನಿಂದ ಪುಟಗಳು ಮರಳಿ ದೊರೆಯುತ್ತವೆ, ಅಚ್ಚು ದೊರೆಯುವುದಿಲ್ಲ.

ಇನ್ನು ನನ್ನ ಅನುಭವದ ಸಂಗತಿ. 2007ರಲ್ಲಿ ನಾನು ಒಂದು ಸಂಸ್ಥೆಗಾಗಿ ಬೇಸಾಯ ಮತ್ತು ಬಡಗಿಗೆಲಸದ ದೇಶ್ಯಪದಗಳ ಚಿಕ್ಕ ಕೋಶವೊಂದನ್ನು ಸಂಗ್ರಹಿಸಿದೆ. ನೇಗಿಲು, ಮೇಳಿ, ಈಸು, ಕುಳ, ನೊಗ, ಮಿಣಿ ಮೊದಲಾದವು ನಿಘಂಟುಗಳಲ್ಲಿ ದೊರೆಯುತ್ತವೆ. ದೊರೆಯದವುಗಳೇ ನನಗೆ ಬೇಕಾಗಿದ್ದವು. ನನ್ನ ಹಳೆಯ ಶಿಷ್ಯನೊಬ್ಬನು ಡ್ರೀಮ್‌ವೀವರಿನಲ್ಲಿ ನಲವತ್ತೆರಡು ಪುಟಗಳ ತಾಣವನ್ನು ಮಾಡಿಕೊಟ್ಟನು. ತಾಣವು ಪ್ರಕಟವಾದ ಮೇಲೆ ಒಂದು ಹಳ್ಳಿಯ ವೃದ್ಧ ಬಡಗಿಯೊಬ್ಬರು ನನ್ನ ಅರ್ಥಗಳಲ್ಲಿ ಹಲವು ತಪ್ಪುಗಳಿವೆಯೆಂದು ತೋರಿಸಿ, ನಾನು ಕೇಳಿಯೇ ಇರದ ಪದಗಳನ್ನೂ ಹೇಳಿದರು. ಎರಡು ಮಧ್ಯಾಹ್ನ ಅವರ ಜಗುಲಿಯ ಮೇಲೆ ಕುಳಿತು ಚೀಟಿಗಳಲ್ಲಿ ಬರೆದುಕೊಂಡೆ. ಶಿಷ್ಯನು ಊರಿನಲ್ಲಿರಲಿಲ್ಲ. ಕಾಯುವ ತಾಳ್ಮೆಯಿಲ್ಲದೆ, ಪೇಟೆಯ ಗಣಕಕೇಂದ್ರವೊಂದರಲ್ಲಿ ಸರ್ವರಿನ ಪುಟಗಳನ್ನೇ ನೇರವಾಗಿ ತೆರೆದು ತಿದ್ದುಪಡಿಗಳನ್ನು ಸೇರಿಸಿದೆ. ಜಾಲದಲ್ಲಿ ಸೇರಿತಲ್ಲ ಎಂಬ ಸಮಾಧಾನದಿಂದ ಚೀಟಿಗಳನ್ನು ಹರಿದು ಹಾಕಿದೆ.

ಮೂರು ತಿಂಗಳ ತರುವಾಯ ಶಿಷ್ಯನು ಶಿರೋಭಾಗದ ಚಿತ್ರವನ್ನು ಬದಲಿಸಿ, ತನ್ನ ಗಣಕದಲ್ಲಿದ್ದ ಫೋಲ್ಡರನ್ನು ಸಮಗ್ರವಾಗಿ ಸರ್ವರಿಗೆ ಏರಿಸಿದನು. ಅವನ ಪ್ರತಿಯಲ್ಲಿ ನನ್ನ ತಿದ್ದುಪಡಿಗಳಿರಲಿಲ್ಲ. ಹಳೆಯ ಪುಟಗಳು ಹೊಸವುಗಳ ಮೇಲೆ ಕುಳಿತವು. ಅವನ ತಪ್ಪು ಎಳ್ಳಷ್ಟೂ ಇಲ್ಲ. ಮೂಲವನ್ನು ಬಿಟ್ಟು ಪ್ರತಿಯನ್ನು ತಿದ್ದಿದ ದೋಷ ನನ್ನದು. ನಾನು ಇದನ್ನು ಕಂಡುಕೊಳ್ಳುವ ವೇಳೆಗೆ ಬಡಗಿಗಳು ತೀರಿಕೊಂಡಿದ್ದರು. ಇಂಟರ್‌ನೆಟ್ ಆರ್ಕೈವ್ ಎಂಬ ಸಂಸ್ಥೆಯು ಹಳೆಯ ಜಾಲಪುಟಗಳ ಬಿಂಬಗಳನ್ನು ಕಾದಿಡುತ್ತದೆಂದು ಕೇಳಿ ಅಲ್ಲಿಯೂ ಹುಡುಕಿಸಿದೆ. ನಮ್ಮ ತಾಣದ ಮುಖಪುಟ ಮಾತ್ರ ಸಿಕ್ಕಿತು. ನೆನಪಿನಿಂದ ಕೆಲವು ಪದಗಳನ್ನು ಮರಳಿ ಬರೆದೆ. ಹನ್ನೊಂದು ಪದಗಳು ಬರಲಿಲ್ಲ. ಅವು ಹನ್ನೊಂದೆಂಬುದು ತಿಳಿದದ್ದು ಕೂಡ, ಸೇರಿಸಿದ ಪದಗಳ ಒಟ್ಟು ಎಣಿಕೆಯನ್ನು ದಿನಚರಿಯಲ್ಲಿ ಬರೆದಿದ್ದರಿಂದ.

ಇಂಥ ಅಪಘಾತವನ್ನು ತಡೆಯುವ ಉಪಾಯಗಳು ಆ ತಂತ್ರಾಂಶದಲ್ಲಿಯೇ ಇದ್ದವು. ‘ಚೆಕ್ ಔಟ್’ ಎಂಬ ಕ್ರಮವನ್ನು ಅನುಸರಿಸಿದರೆ ಒಬ್ಬನು ತಿದ್ದುತ್ತಿರುವ ಪುಟಕ್ಕೆ ಬೀಗ ಬಿದ್ದು, ಜೊತೆಯ ಕೆಲಸಗಾರನಿಗೆ ಅದು ತಿಳಿಯುತ್ತದೆ. ‘ಸಿಂಕ್ರೊನೈಸ್’ ಎಂಬುದು ಎರಡೂ ಕಡೆಯ ಕಡತಗಳ ದಿನಾಂಕಗಳನ್ನು ಹೋಲಿಸಿ ಯಾವುದು ಹೊಸದೆಂದು ತೋರಿಸುತ್ತದೆ. ಆದರೆ ಹೊರಗಿನಿಂದ ನನ್ನಂತೆ ಕೈಹಾಕುವವನಿಗೆ ಆ ಬೀಗ ಲೆಕ್ಕಕ್ಕಿಲ್ಲ.

2011ರಲ್ಲಿ ಶಿಷ್ಯನ ಗಣಕದ ಡಿಸ್ಕು ಕೆಟ್ಟಿತು, ಅಚ್ಚು ಹೋಯಿತು. ಆಗ ನಾವಿಬ್ಬರೂ ಕೂಡಿ ಮಾಡಿದ ಕೆಲಸವು ಗ್ರಂಥಸಂಪಾದಕನಿಗೆ ಹೊಸದೇನಲ್ಲ. ಅಚ್ಚಿನಿಂದ ಹುಟ್ಟಿದ ಪ್ರತಿಯೊಂದು ಪುಟದಲ್ಲಿಯೂ ತನ್ನ ಹುಟ್ಟಿನ ಗುರುತು ಇರುತ್ತದೆ. ತಿದ್ದಬಹುದಾದ ಭಾಗದ ಆರಂಭದಲ್ಲಿ ‘ಇನ್‌ಸ್ಟನ್ಸ್ ಬಿಗಿನ್ ಎಡಿಟಬಲ್’ ಎಂಬ ಗುಪ್ತ ಟಿಪ್ಪಣಿ, ಕೊನೆಯಲ್ಲಿ ಅದರ ಜೊತೆಯದು. ಒಂದು ಪುಟವನ್ನು ತೆಗೆದುಕೊಂಡು, ಆ ಪುಟಕ್ಕೇ ವಿಶಿಷ್ಟವಾದ ವಿಷಯವನ್ನು ಕಳೆದು, ಟಿಪ್ಪಣಿಗಳಲ್ಲಿ ‘ಇನ್‌ಸ್ಟನ್ಸ್’ ಎಂದಿರುವಲ್ಲಿ ‘ಟೆಂಪ್ಲೇಟ್’ ಎಂದು ಬದಲಿಸಿ, ಕೊಂಡಿಗಳ ವಿಳಾಸಗಳನ್ನು ಸರಿಪಡಿಸಿ, ಹಳೆಯ ಹೆಸರಿನಲ್ಲಿಯೇ ಟೆಂಪ್ಲೇಟ್ಸ್ ಫೋಲ್ಡರಿನಲ್ಲಿ ಇಟ್ಟರೆ ಕಳೆದುಹೋದ ಅಚ್ಚು ಮರಳುತ್ತದೆ. ಪುಟಗಳಲ್ಲಿ ಪರಸ್ಪರ ವ್ಯತ್ಯಾಸವಿದ್ದಲ್ಲಿ ಯಾವುದು ಮೂಲಪಾಠವೆಂದು ವಿವೇಚಿಸಬೇಕಾಯಿತು. ಪ್ರತಿಗಳಿಂದ ಮಾತೃಕೆಯನ್ನು ಪುನಾರಚಿಸುವ ವಿದ್ಯೆ ಇಷ್ಟು ಪ್ರಯೋಜನಕ್ಕೆ ಬಂದದ್ದನ್ನು ನೋಡಿ, ನಮ್ಮ ಗುರುಗಳು ಇದ್ದಿದ್ದರೆ ನಗುತ್ತಿದ್ದರು.

ಕನ್ನಡದ ತಾಣಗಳಿಗೆ ವಿಶೇಷವಾದ ತೊಡಕು ಇನ್ನೊಂದುಂಟು. ಯೂನಿಕೋಡ್ ಕ್ರಮವು ವ್ಯಾಪಕವಾಗಿ ರೂಢಿಗೆ ಬರುವ ಮೊದಲು ನಾವು ಬರೆಯುತ್ತಿದ್ದ ಕಡತಗಳಲ್ಲಿ ವಾಸ್ತವವಾಗಿ ಇದ್ದುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳು. ಅವುಗಳಿಗೆ ಕನ್ನಡದ ರೂಪವನ್ನು ತೊಡಿಸುತ್ತಿದ್ದುದು ಫಾಂಟು. ಫಾಂಟು ಇಲ್ಲದ ಗಣಕದಲ್ಲಿ ಕನ್ನಡವು ಅರ್ಥವಿಲ್ಲದ ಅಕ್ಷರರಾಶಿಯಾಗಿ ತೋರುತ್ತದೆ. ನನ್ನ ಪದಕೋಶವೂ ಅಂಥದೇ ಆಗಿತ್ತು. ಯೂನಿಕೋಡಿಗೆ ಪರಿವರ್ತಿಸಿದಾಗ ಕೆಲವು ಒತ್ತಕ್ಷರಗಳೂ ಅರ್ಕಾವತ್ತುಗಳೂ ಸ್ಥಾನ ತಪ್ಪಿದವು. ಪುಟಪುಟವನ್ನೂ ಕಣ್ಣಾರೆ ಓದದೆ ಗತ್ಯಂತರವಿರಲಿಲ್ಲ. ಆದ್ದರಿಂದ ಪರಿವರ್ತಿಸಿದ ಮೇಲೂ ಹಳೆಯ ಕಡತವನ್ನೂ ಅದರ ಫಾಂಟನ್ನೂ ಯೋಜನೆಯೊಡನೆ ಇಡಬೇಕು. ಯೂನಿಕೋಡ್ ಬರಹವನ್ನು ಯು.ಟಿ.ಎಫ್.-8 ಕ್ರಮದಲ್ಲಿಯೇ ಉಳಿಸಬೇಕು. ನೋಟ್‌ಪ್ಯಾಡಿನಲ್ಲಿ ‘ಆನ್ಸಿ’ ಎಂಬ ಕ್ರಮದಲ್ಲಿ ಉಳಿಸಿದರೆ ಕನ್ನಡದ ಅಕ್ಷರಗಳೆಲ್ಲ ಪ್ರಶ್ನಚಿಹ್ನೆಗಳಾಗುತ್ತವೆ. ಮುಚ್ಚಿದ ಮೇಲೆ ಅವನ್ನು ಮರಳಿ ಕನ್ನಡವಾಗಿಸುವ ಮಂತ್ರವಿಲ್ಲ.

ಹಿಂದಿನ ಲಿಪಿಕಾರರು ಗ್ರಂಥದ ಕೊನೆಯಲ್ಲಿ ಸಂವತ್ಸರ, ಮಾಸ, ತಿಥಿ, ತಮ್ಮ ಹೆಸರುಗಳನ್ನು ಬರೆದು ಮುಗಿಸುತ್ತಿದ್ದರು. ಆ ಪುಷ್ಪಿಕಾವಾಕ್ಯದ ನೆರವಿಲ್ಲದಿದ್ದರೆ ನಮ್ಮ ಸಾಹಿತ್ಯಚರಿತ್ರೆಯ ಎಷ್ಟೋ ಕಾಲನಿರ್ಣಯಗಳು ಆಗುತ್ತಿರಲಿಲ್ಲ. ಈಗಿನ ಹುಡುಗರು ಕಡತಗಳಿಗೆ ‘ಫೈನಲ್’, ‘ಫೈನಲ್ ಎರಡು’, ‘ಹೊಸ ಫೈನಲ್’ ಎಂದು ಹೆಸರಿಡುತ್ತಾರೆ. ಇವುಗಳಲ್ಲಿ ಅಂತಿಮ ಯಾವುದೆಂದು ಇಟ್ಟವರಿಗೂ ತಿಳಿಯದು. ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಅಂಕಿಗಳನ್ನು ಹೆಸರಿಗೆ ಸೇರಿಸಿದರೆ ಕಡತಗಳು ತಾವಾಗಿ ಕಾಲಾನುಕ್ರಮದಲ್ಲಿ ನಿಲ್ಲುತ್ತವೆ. ಪುಟಗಳು ಬರಿಯ ಬರಹದ ಕಡತಗಳಾಗಿರುವಲ್ಲಿ, ಲೈನಸ್ ಟೊರ್ವಾಲ್ಡ್ಸ್ 2005ರಲ್ಲಿ ರಚಿಸಿದ ಗಿಟ್ ಎಂಬ ಸಾಧನವು ಇನ್ನೂ ಉತ್ತಮ. ಪ್ರತಿಯೊಂದು ತಿದ್ದುಪಡಿಯನ್ನು ಯಾರು, ಎಂದು, ಯಾವ ಕಾರಣಕ್ಕೆ ಮಾಡಿದರೆಂಬುದನ್ನು ಅದು ಸಾಲುಸಾಲಾಗಿ ತೋರಿಸುತ್ತದೆ. ಪಾಠಾಂತರಗಳ ಅಡಿಟಿಪ್ಪಣಿಯನ್ನು ಯಂತ್ರವೇ ಬರೆದಂತೆ. ಒಂದೇ ಕಡತದ ಜಾತಿಯ ಯೋಜನೆಗಳಲ್ಲಿ ಈ ಸಾಲುಸಾಲಿನ ಹೋಲಿಕೆ ದೊರೆಯುವುದಿಲ್ಲ; ಅಲ್ಲಿ ದಿನಾಂಕವುಳ್ಳ ಪ್ರತಿಗಳೇ ಗತಿ.

ಪ್ರತಿಗಳ ವಿಚಾರದಲ್ಲಿ ಬಲ್ಲವರು ಹೇಳುವ ಲೆಕ್ಕ ಸರಳವಾದುದು: ಒಟ್ಟು ಮೂರು, ಎರಡು ಬಗೆಯ ಸಾಧನಗಳಲ್ಲಿ, ಒಂದು ಬೇರೆ ಸ್ಥಳದಲ್ಲಿ. ಇದಕ್ಕೆ ನಾನು ಸೇರಿಸುವುದು ಇಷ್ಟೇ. ಓಲೆಯ ಕಟ್ಟುಗಳನ್ನು ಆಗಾಗ ಬಿಚ್ಚಿ, ಧೂಳು ಒರೆಸಿ, ಎಣ್ಣೆ ಸವರಿ ಇಡುತ್ತಿದ್ದಂತೆ ವರ್ಷಕ್ಕೊಮ್ಮೆಯಾದರೂ ಆ ಪ್ರತಿಯನ್ನು ಬೇರೊಂದು ಗಣಕದಲ್ಲಿ ತೆರೆದು, ಒಂದು ಪುಟವನ್ನು ತಿದ್ದಿ ನೋಡಬೇಕು.

ನಮ್ಮ ಪದಕೋಶದ ಫೋಲ್ಡರಿನಲ್ಲಿ ಈಗ ‘ಮೊದಲು ಓದಿ’ ಎಂಬ ಚಿಕ್ಕ ಕಡತವೊಂದಿದೆ. ತಂತ್ರಾಂಶದ ಹೆಸರು ಮತ್ತು ಆವೃತ್ತಿ, ಫಾಂಟಿನ ಹೆಸರು, ಚಿತ್ರಗಳ ಮೂಲಪ್ರತಿಗಳಿರುವ ಸ್ಥಳ, ಸರ್ವರಿನ ವಿವರ, ತಿದ್ದಿದವರ ಹೆಸರು, ದಿನಾಂಕ ಇವು ಅದರಲ್ಲಿವೆ. ಗುಪ್ತಪದ ಇಲ್ಲ, ಅದು ಬೀರುವಿನಲ್ಲಿದೆ. ಕಡತದ ಕೊನೆಯ ಸಾಲಿನಲ್ಲಿ, ಲುಪ್ತವಾದ ಪದಗಳು ಹನ್ನೊಂದು, ಹೇಳಿದವರು ಇಂಥ ಊರಿನ ಬಡಗಿಗಳು ಎಂದು ನಮೂದಿಸಿದ್ದೇನೆ. ಓಲೆ ಮುರಿದಲ್ಲಿ ಸಂಪಾದಕರು ಚುಕ್ಕಿಗಳನ್ನಿಟ್ಟು ಮುಂದುವರಿಯುವಂತೆ ಕೋಶದಲ್ಲಿಯೂ ಅವುಗಳ ಸ್ಥಾನದಲ್ಲಿ ಚುಕ್ಕಿಗಳನ್ನು ಇಟ್ಟಿದ್ದೇವೆ. ಓದುಗರಲ್ಲಿ ಯಾರ ಮನೆಯ ಹಿರಿಯರಾದರೂ ಬಡಗಿಗೆಲಸ ಬಲ್ಲವರಾಗಿದ್ದರೆ ನನಗೆ ತಿಳಿಸಬಹುದು. ಈ ಬಾರಿ ಚೀಟಿಗಳನ್ನು ಹರಿಯುವುದಿಲ್ಲ.