ಕೋಳಿಯ ಕಾಳು ರಾತ್ರಿ ಯಾರ ಪಾಲು?

ತಿಮ್ಮಾಪುರದ ನಮ್ಮ ಹಿತ್ತಲಲ್ಲಿ ಜವಾರಿ ಕೋಳಿಗಳಿವೆ. ತತ್ತಿ ಮಾರಿದ ದುಡ್ಡೇ ಅಮ್ಮಿಯ ಕೈಖರ್ಚು. ಅದಕ್ಕೇ ಕಾಳಿನ ಲೆಕ್ಕವನ್ನು ನಾನು ವಾಣಿಜ್ಯ ವಿದ್ಯಾರ್ಥಿಯಾಗಿ ನೋಡುತ್ತೇನೆ.

ಕೋಳಿಗೆ ಕತ್ತಲಲ್ಲಿ ಕಣ್ಣು ಸರಿಯಾಗಿ ಕಾಣದು. ಗೂಡು ಸೇರಿದ ಮೇಲೆ ತಿನ್ನುವುದಿಲ್ಲ. ಹೊರಗೆ ಉಳಿದ ಗೋವಿನಜೋಳದ ನುಚ್ಚು ಇಲಿ, ಹೆಗ್ಗಣಗಳ ಪಾಲು. ರಾತ್ರಿಗೆ 100 ಗ್ರಾಂ ಹೋಯಿತೆಂದು ಹಿಡಿಯೋಣ: ತಿಂಗಳಿಗೆ 3 ಕಿಲೋ, ವರ್ಷಕ್ಕೆ 36 ಕಿಲೋ ದಾಟಿತು. ತತ್ತಿ ಇಡುವ ಒಂದು ಕೋಳಿ ದಿನಕ್ಕೆ ತಿನ್ನುವುದೂ ಸುಮಾರು ಅಷ್ಟೇ. ಅಂದರೆ, ಒಂದು ಕೋಳಿಯ ಇಡೀ ವರ್ಷದ ಆಹಾರ ಹೋದಂತೆ.

ನಷ್ಟ ಇಲ್ಲಿಗೇ ನಿಲ್ಲದು. ಇಲಿಯ ಬೆನ್ನು ಹತ್ತಿ ಹಾವು, ಕಾಡುಬೆಕ್ಕು ಬರುತ್ತವೆ. ತತ್ತಿ, ಮರಿ ಸಿಕ್ಕರೆ ಬಿಡುವುದಿಲ್ಲ. ಮುಧೋಳ, ಬೀಳಗಿ ಭಾಗದ ಯಡಹಳ್ಳಿ ಚಿಂಕಾರ ವನ್ಯಜೀವಿ ಧಾಮದಲ್ಲಿ ನರಿ, ತೋಳಗಳೂ ಇವೆ. ಸುಲಭದ ಊಟ ಸಿಗುವ ಕಡೆ ನರಿಯೂ ರಾತ್ರಿ ಸುಳಿಯುತ್ತದೆ. ಕಾಡುಪ್ರಾಣಿ ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಇಲಿಗೆ ವಿಷ ಇಟ್ಟರೆ, ಆ ಇಲಿ ತಿಂದ ಗೂಗೆಯೂ ಸಾಯಬಹುದು. ಆಗ ಇಲಿ ಹಿಡಿಯುವವರು ಯಾರು?

ಹಾಗಾದರೆ ಮಾಡಬೇಕಾದ್ದು:

1. ಸಂಜೆ ತಿಂದು ಮುಗಿಸುವಷ್ಟೇ ಕಾಳು ಹಾಕಿ.
2. ಮಗ್ರಿಬ್ ಅಜಾನ್ ಹೊತ್ತಿಗೆ ತಟ್ಟೆ ಎತ್ತಿ, ನೆಲ ಗುಡಿಸಿ.
3. ಕಾಳನ್ನು ಚೀಲದಲ್ಲಿ ಬಿಡದೆ ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿಡಿ.
4. ಗೂಡಿಗೆ ಅರ್ಧ ಇಂಚು ಕಣ್ಣಿನ ಗಟ್ಟಿ ತಂತಿ ಜಾಲರಿ ಬಡಿಯಿರಿ.

ತಡೆಯಬಹುದಾದ ನಷ್ಟವನ್ನು ‘ಇದ್ದದ್ದೇ’ ಎಂದು ಬಿಡಬಾರದು. ಡಬ್ಬಿಯ ಖರ್ಚು ಒಮ್ಮೆ. ಕಾಳಿನ ನಷ್ಟ ದಿನವೂ.