ಕರುವಿನ ಹೊಕ್ಕುಳ ಬಾವು

ಬೆಂಗಳೂರಿನ ದಕ್ಷಿಣದ ಯಡಿಯೂರು, ಸಾರಕ್ಕಿ ಹಿಂದೆ ಹಳ್ಳಿಗಳು. ಇಂದು ಜಯನಗರ, ಜೆ.ಪಿ. ನಗರಗಳ ಮಗ್ಗುಲಲ್ಲಿ ಊರೊಳಗೇ ಸೇರಿಹೋಗಿವೆ. ಇಂಥ ಕಡೆ ಹಸು ಕಟ್ಟುವವರಿಗೆ ಜಾಗ ಕಿರಿದು. ಗಂಜಲ ನಿಂತ ನೆಲದ ಮೇಲೆಯೇ ಕರು ಬೀಳುವುದುಂಟು. ಹೊಕ್ಕುಳ ಬಾವು ಹೆಚ್ಚಾಗಿ ಶುರುವಾಗುವುದು ಅಲ್ಲಿಂದಲೇ.

ಹೊಕ್ಕುಳ ಬಳ್ಳಿಯ ಒಂದು ರಕ್ತನಾಳ ನೇರವಾಗಿ ಪಿತ್ತಜನಕಾಂಗಕ್ಕೆ ಹೋಗುತ್ತದೆ. ಬಳ್ಳಿ ಒಣಗುವ ಮೊದಲು ಹೊಕ್ಕ ರೋಗಾಣು ರಕ್ತಕ್ಕೆ ಸೇರಿ ಕೀಲುಗಳಲ್ಲೂ ಕೀವು ತುಂಬಬಹುದು. ಆಗ ಕರು ಉಳಿಯುವುದು ಕಷ್ಟ.

ಹೊಕ್ಕುಳು ಊದಿ ಬಿಸಿಯಾಗಿದ್ದು, ಮುಟ್ಟಿದರೆ ಕರು ನೋವಿನಿಂದ ಹಿಂಜರಿದರೆ, ಹಾಲು ಬಿಟ್ಟು ಮಂಕಾದರೆ ಅಂದೇ ಪಶುವೈದ್ಯರಿಗೆ ತೋರಿಸಬೇಕು. ಬ್ಲೇಡು ಹಿಡಿದು ತಾವೇ ಕೊಯ್ಯುವುದು ಬಹಳ ಅಪಾಯ. ಅದು ಹರ್ನಿಯ ಆಗಿದ್ದರೆ ಕರುಳೇ ಕೊಯ್ದುಹೋದೀತು! ಹರ್ನಿಯ ಮೆತ್ತಗಿದ್ದು ಒತ್ತಿದರೆ ಸಾಮಾನ್ಯವಾಗಿ ಒಳಸರಿಯುತ್ತದೆ; ಕೀವಿನ ಗಂಟು ಸರಿಯದು. ಎರಡೂ ಒಟ್ಟಿಗಿರುವುದೂ ಉಂಟು. ವೈದ್ಯರು ಸೂಜಿಯಿಂದ ಪರೀಕ್ಷಿಸಿ, ಕೀವು ತೆಗೆದು ತೊಳೆದು, ಆಂಟಿಬಯೋಟಿಕ್ ಚುಚ್ಚುಮದ್ದು ಹಾಕುತ್ತಾರೆ. ಎರಡೇ ದಿನಕ್ಕೆ ಕರು ನೆಗೆದಾಡಿತೆಂದು ಚುಚ್ಚುಮದ್ದು ನಿಲ್ಲಿಸಬಾರದು. ಗಾಯಕ್ಕೆ ನೊಣ ಕೂತರೆ ಹುಳು ಬೀಳುತ್ತದೆ.

ಇನ್ನು ಮುಂದೆ ಹುಟ್ಟುವ ಕರುವಿಗೆ, ಬಳ್ಳಿಯನ್ನು ಸುಮಾರು 2 ಅಂಗುಲ ಬಿಟ್ಟು ಶುದ್ಧ ದಾರದಿಂದ ಕಟ್ಟಿ, ಕೆಳಗೆ ಕತ್ತರಿಸಿ, ತುದಿಯನ್ನು ಟಿಂಕ್ಚರ್ ಅಯೋಡಿನ್‌ನಲ್ಲಿ ಅದ್ದಬೇಕು. ಗಿಣ್ಣುಹಾಲನ್ನು 1-2 ಗಂಟೆಯೊಳಗೇ ಕುಡಿಸಿರಿ. ಮಾಸು ಬೀಳಲೆಂದು ಕಾಯಬೇಡಿರಿ.